ಸ್ಪಾಂಜ್ ಫಿಲ್ಟರೋ, ಪವರ್ ಫಿಲ್ಟರೋ? ಒಂದೇ ಟ್ಯಾಂಕಿನಲ್ಲಿ ಎರಡನ್ನೂ ಇಟ್ಟು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಮೀನು ಸಾಕುವವರು ಸ್ಪಾಂಜ್ ಫಿಲ್ಟರ್ ತಗೊಳ್ಳಿ. ಮೋಟರಿನಿಂದ ನೀರೆಳೆದು ಡಬ್ಬಿಯೊಳಗೆ ಸೋಸುವ ಪವರ್ ಫಿಲ್ಟರ್ ಕೆಟ್ಟದ್ದು ಅಂತಲ್ಲ. ಪದೇ ಪದೇ ಕರೆಂಟ್ ಹೋಗುವ ಮನೆಗೆ, ಅದರಲ್ಲೂ ಹಗಲು ಟ್ಯಾಂಕ್ ಕಡೆ ನೋಡುವವರಿಲ್ಲದ ಮನೆಗೆ ಅದು ಹೊಂದುವುದಿಲ್ಲ.

ನನ್ನ ಟ್ಯಾಂಕ್ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಸುಮಾರು 50 ಲೀಟರ್ ನೀರು. ಹನ್ನೆರಡು ಗಪ್ಪಿ, ನಾಲ್ಕು ಮೋಲಿ ಬಿಟ್ಟಿದ್ದೆ. ಅಂಗಡಿಯವರು "ಇದನ್ನ ಒಯ್ರಿ, ನೀರು ಕನ್ನಡಿ ಹಂಗ ಇರ್ತದ" ಎಂದು 650 ರೂಪಾಯಿಯ ಪವರ್ ಫಿಲ್ಟರ್ ಕೊಟ್ಟರು. ಎರಡು ತಿಂಗಳು ನೀರು ನಿಜವಾಗಿಯೂ ಕನ್ನಡಿ ಹಾಗೇ ಇತ್ತು.

ಮೇ ತಿಂಗಳಲ್ಲಿ ಒಂದು ರಾತ್ರಿ ಗುಡುಗು ಸಿಡಿಲಿನ ಅಡ್ಡಮಳೆ ಬಂತು. ಧಾರವಾಡದಲ್ಲಿ ಅಂಥ ಮಳೆ ಬಂದರೆ ಕರೆಂಟ್ ಹೋಗುವುದು ಗೊತ್ತೇ ಇದೆಯಲ್ಲ. ನಡುರಾತ್ರಿ ಮೇಲೆ ಫ್ಯಾನ್ ತಿರುಗಿದ ಸದ್ದು ಕೇಳಿ, ಕರೆಂಟ್ ಬಂತು ಎಂದು ನಿದ್ದೆ ಹೋದೆ. ಬೆಳಿಗ್ಗೆ ನೋಡಿದರೆ ಫಿಲ್ಟರ್ ಗುಂಯ್ ಅನ್ನುತ್ತಿದೆ, ನೀರು ಮಾತ್ರ ಬೀಳುತ್ತಿಲ್ಲ. ಉಳಿದ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಏಳು ಗಪ್ಪಿ ಸತ್ತಿದ್ದವು.

ಬಿಚ್ಚಿ ನೋಡಿದೆ. ಒಳಗೆ ಹೆಬ್ಬೆರಳಿನ ಗೆಣ್ಣಿನಷ್ಟು ದೊಡ್ಡ ಇಂಪೆಲ್ಲರ್ ಇರುತ್ತದೆ, ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ರೆಕ್ಕೆ ಅಂಟಿಸಿದ್ದು. ಆ ರೆಕ್ಕೆಗೂ ಗೋಡೆಗೂ ನಡುವೆ ಒಂದೇ ಒಂದು ಮರಳಿನ ಕಾಳು ಸಿಕ್ಕಿಕೊಂಡಿತ್ತು. ತಿರುಗುತ್ತಾ ಇದ್ದಾಗ ನೀರಿನ ರಭಸಕ್ಕೆ ಕಾಳು ನಿಲ್ಲುತ್ತಿರಲಿಲ್ಲ. ಕರೆಂಟ್ ಹೋಗಿ ಎಲ್ಲ ನಿಂತಾಗ ಅದು ಸಂದಿಯಲ್ಲಿ ಕೂತುಬಿಟ್ಟಿದೆ. ಮತ್ತೆ ಶುರುವಾಗುವಾಗ ಅದನ್ನು ನೂಕುವಷ್ಟು ಶಕ್ತಿ ಆ ಮೋಟರಿಗೆ ಇಲ್ಲ.

ತೊಳೆದು ಹಾಕಿದೆ. ಜೂನ್‌ನಲ್ಲಿ ಮತ್ತೆ ಅದೇ ಆಯಿತು, ಈ ಸಲ ಹಗಲಲ್ಲಿ. ನಾನು ಬೆಳಿಗ್ಗೆ ಎಂಟಕ್ಕೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಅವ್ವ ಮನೆಯಲ್ಲೇ ಇದ್ದಳು. "ದೀಪ ಹತ್ತಿತ್ತಲ್ಲೋ, ಎಲ್ಲಾ ಸರಿ ಐತಿ ಅಂತ ತಿಳಕೊಂಡೆ" ಅಂದಳು. ಅವಳದೇನೂ ತಪ್ಪಿಲ್ಲ. ಮುಚ್ಚಿದ ಡಬ್ಬಿಯೊಳಗೆ ನೀರು ಓಡುತ್ತಿದೆಯೋ ಇಲ್ಲವೋ ಎಂದು ದೂರದಿಂದ ಯಾರಿಗೂ ಕಾಣುವುದಿಲ್ಲ.

ಸತ್ತ ಮೀನಿನ ಜೊತೆ ಇನ್ನೊಂದು ನಷ್ಟವೂ ಇದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲೇ ಬೆಳೆದಿರುತ್ತದೆ. ಅದು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಡಬ್ಬಿಯೊಳಗೆ ನೀರು ತಾಸುಗಟ್ಟಲೆ ನಿಂತರೆ ಆಮ್ಲಜನಕ ಸಿಗದೆ ಅದೂ ಸಾಯತೊಡಗುತ್ತದೆ. ನಾನು ಡಬ್ಬಿ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂತು.

ಸ್ಪಾಂಜ್ ಫಿಲ್ಟರಿನಲ್ಲಿ ನೀರೊಳಗೆ ತಿರುಗುವ ಭಾಗವೇ ಇಲ್ಲ. ಹೊರಗಿನ ಏರ್ ಪಂಪಿನ ಗಾಳಿ ಕೊಳವೆಯಲ್ಲಿ ಗುಳ್ಳೆಯಾಗಿ ಮೇಲೇಳುತ್ತದೆ, ಆ ಎಳೆತಕ್ಕೆ ನೀರು ಸ್ಪಾಂಜಿನ ಮೂಲಕ ಹಾದು ಬರುತ್ತದೆ. ಕರೆಂಟ್ ಬಂದ ಕೂಡಲೇ ಗುಳ್ಳೆ ಶುರು. ಗುಳ್ಳೆ ಬರದಿದ್ದರೆ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ, ಬುಳು ಬುಳು ಸದ್ದು ಇರುವುದಿಲ್ಲ. ನನ್ನ ಪಂಪ್ 3 ವಾಟ್, ಇನ್ವರ್ಟರಿಗೆ ಭಾರವೇ ಅಲ್ಲ. ಪಂಪ್, ಪೈಪ್, ಸ್ಪಾಂಜ್ ಎಲ್ಲ ಸೇರಿ 420 ರೂಪಾಯಿ ಆಯಿತು.

ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡಬೇಡಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯಬಹುದು. ಕೆಳಗೇ ಇಡಬೇಕಾದರೆ ನಡುವೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿ. ಪಂಪ್ ಗುರ್ರ್ ಅನ್ನುವುದು ನಿಜ. ಹಳೇ ಕೌದಿಯ ತುಂಡು ಮಡಚಿ ಅಡಿಗೆ ಇಟ್ಟ ಮೇಲೆ ನಮ್ಮಲ್ಲಿ ರಾತ್ರಿ ಯಾರಿಗೂ ತೊಂದರೆಯಾಗಿಲ್ಲ.

ನೋಡಲು ಪವರ್ ಫಿಲ್ಟರೇ ಚೆಂದ. ಕಸವನ್ನೂ ಅದೇ ಜಾಸ್ತಿ ಎಳೆಯುತ್ತದೆ. ಮೂರ್ನಾಲ್ಕು ಅಡಿ ಟ್ಯಾಂಕಿನಲ್ಲಿ ಗೋಲ್ಡ್ ಫಿಶ್ ಸಾಕುವವರು ಅದನ್ನೇ ಕೊಂಡುಕೊಳ್ಳಲಿ. ಆದರೆ ಗಪ್ಪಿ ಮರಿ ಹಾಕಿದರೆ ಮರಿಗಳನ್ನೂ ಎಳೆದುಕೊಳ್ಳುತ್ತದೆ.

ತೊಳೆಯುವ ವಿಷಯ ಎರಡಕ್ಕೂ ಒಂದೇ: ನಲ್ಲಿ ಕೆಳಗೆ ಹಿಡಿಯಬೇಡಿ, ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ನಮಗೆ ಮಲಪ್ರಭಾ ನೀರು ದಿನಾ ಬರುವುದಿಲ್ಲ, ಹಿಡಿದಿಟ್ಟು ಬಳಸುತ್ತೇವೆ. ಬಾಯಿ ತೆರೆದ ಬಕೆಟ್‌ನಲ್ಲಿ ಒಂದು ದಿನ ಬಿಟ್ಟ ನೀರನ್ನೇ ಟ್ಯಾಂಕಿಗೆ ಹಾಕುತ್ತೇನೆ. ಸ್ಪಾಂಜನ್ನು ಎರಡು ವಾರಕ್ಕೊಮ್ಮೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡುತ್ತೇನೆ. ಚಹಾದ ಬಣ್ಣದ ನೀರು ಬರುತ್ತದೆ. ಅದನ್ನು ಅವ್ವ ದಾಸವಾಳದ ಬುಡಕ್ಕೆ ಸುರಿಯುತ್ತಾಳೆ.

ಈಗ ಸ್ಪಾಂಜಿನ ಮೇಲೆ ಅಂಟಿದ ಪಾಚಿಯನ್ನು ಗಪ್ಪಿ ಮರಿಗಳು ಕುಟುಕುತ್ತಾ ಕೂರುತ್ತವೆ. ನಿನ್ನೆ ಎಣಿಸಿದಾಗ ಹದಿನೆಂಟು ಇದ್ದವು.