ರ‍್ಯಾಮಲ್ಲೇ ಫೈಲ್ ಇಡೋಕೆ ಯಾವ ಜಾಗ: /ಡೆವ್/ಎಸ್‌ಎಚ್‌ಎಂ, /ರನ್/ಯೂಸರ್, ಇಲ್ಲಾ ನಮ್ಮದೇ ಟಿಎಂಪಿಎಫ್‌ಎಸ್?

ಲಿನಕ್ಸಲ್ಲಿ ಡಿಸ್ಕ್ ಮುಟ್ಟದೆ ಟೆಂಪರರಿ ಫೈಲ್ ಇಡಬೇಕು, ರೂಟ್ ಪರ್ಮಿಶನ್ ಇಲ್ಲ ಅಂದ್ರೆ ಸಾಮಾನ್ಯವಾಗಿ ರೆಡಿ ಇರೋದು ಎರಡು ಜಾಗ, ಎರಡೂ ಟಿಎಂಪಿಎಫ್‌ಎಸ್, ಅಂದ್ರೆ ರ‍್ಯಾಮಲ್ಲೇ ಇರೋ ಫೈಲ್‌ಸಿಸ್ಟಂ. /ಡೆವ್/ಎಸ್‌ಎಚ್‌ಎಂ ದೊಡ್ಡದು, ಡೀಫಾಲ್ಟ್ ಆಗಿ ರ‍್ಯಾಮಿನ ಅರ್ಧ, ಆದ್ರೆ ಮೋಡ್ 1777, ಅಂದ್ರೆ ಯಾರು ಬೇಕಾದ್ರೂ ಬರೀಬಹುದು, ಒಬ್ಬ ತುಂಬಿಸಿಬಿಟ್ರೆ ಉಳಿದವರಿಗೆ ಜಾಗವೇ ಇರಲ್ಲ. /ರನ್/ಯೂಸರ್ ಒಳಗೆ ನಿಮ್ಮ ಯುಐಡಿ (ಯೂಸರ್ ನಂಬರ್) ಹೆಸರಲ್ಲಿರೋ ಡೈರೆಕ್ಟರಿ ಮೋಡ್ 0700, ಪೂರ್ತಿ ನಿಮ್ಮದೇ. ಸಿಸ್ಟಂಡಿ (ಲಿನಕ್ಸಲ್ಲಿ ಸರ್ವಿಸ್, ಲಾಗಿನ್ ನೋಡಿಕೊಳ್ಳೋ ಪ್ರೋಗ್ರಾಂ) ಇದಕ್ಕೆ ಡೀಫಾಲ್ಟಾಗಿ ರ‍್ಯಾಮಿನ 10% ಅಷ್ಟೇ ಕೊಡುತ್ತೆ, ಕೊನೇ ಸೆಷನ್ ಲಾಗೌಟ್ ಆದಮೇಲೆ ಎಲ್ಲಾ ಅಳಿಸಿಹೋಗುತ್ತೆ, ಲಿಂಗರ್ (ಲಾಗೌಟ್ ಆದ್ರೂ ನಿಮ್ಮ ಸರ್ವಿಸ್ ನಡೀತಾ ಇರೋ ಸೆಟ್ಟಿಂಗ್) ಆನ್ ಮಾಡಿದ್ರೆ ಮಾತ್ರ ಉಳಿಯುತ್ತೆ. ಪಾಸ್‌ವರ್ಡ್, ಟೋಕನ್, ಸಾಕೆಟ್ ಇಂಥದ್ದಕ್ಕೆ ನಾನಂತೂ ಇದನ್ನೇ ಆರಿಸ್ತೀನಿ.

ನಿಜವಾದ ಕಂಟ್ರೋಲ್ ಬೇಕಂದ್ರೆ ಮೂರನೇ ದಾರಿ: ಎಫ್‌ಎಸ್‌ಟ್ಯಾಬಲ್ಲಿ (ಯಾವ ಫೈಲ್‌ಸಿಸ್ಟಂ ಎಲ್ಲಿ ಮೌಂಟ್ ಮಾಡ್ಬೇಕು ಅಂತ ಬರೆದಿರೋ ಫೈಲ್) ನಮ್ಮದೇ ಟಿಎಂಪಿಎಫ್‌ಎಸ್‌ಗೆ ಒಂದು ಲೈನ್ ಹಾಕಿಸಿಕೊಳ್ಳಿ, ಅಡ್ಮಿನ್‌ನ ಒಂದ್ಸಲ ಕೇಳಿದ್ರೆ ಸಾಕು. ಸೈಜ್, ಯುಐಡಿ, ಮೋಡ್ ಎಲ್ಲಾ ಅಲ್ಲೇ ಬರೀಬಹುದು, 'ಯೂಸರ್' ಆಪ್ಷನ್ ಸೇರಿಸಿದ್ರೆ ಆಮೇಲೆ ಮೌಂಟ್, ಅನ್‌ಮೌಂಟ್ ನೀವೇ ಮಾಡ್ಕೋಬಹುದು, ಆದ್ರೆ ಆ ಆಪ್ಷನ್ ಜೊತೆಗೆ ನೋಎಕ್ಸೆಕ್ (ಅಲ್ಲಿಂದ ಪ್ರೋಗ್ರಾಂ ರನ್ ಮಾಡೋಕೆ ಬಿಡಲ್ಲ) ಕೂಡ ತಾನಾಗೇ ಬರುತ್ತೆ, ಅದರೊಳಗೆ ಕೋಡ್ ಬಿಲ್ಡ್ ಮಾಡಿ ಅಲ್ಲಿಂದಲೇ ರನ್ ಮಾಡೋರು ಕೊನೇಲಿ 'ಎಕ್ಸೆಕ್' ಅಂತ ಬರೆಸೋದು ಮರೀಬೇಡಿ.

ರ‍್ಯಾಮ್‌ಎಫ್‌ಎಸ್ (ರ‍್ಯಾಮಲ್ಲೇ ಇರೋ ಇನ್ನೊಂದು ಫೈಲ್‌ಸಿಸ್ಟಂ) ಬೇಡವೇ ಬೇಡ, ಸೈಜ್ ಲಿಮಿಟ್ಟೇ ಇಲ್ಲ, ತುಂಬ್ತಾ ಹೋದ್ರೆ ಮಷೀನೇ ನಿಂತುಹೋಗುತ್ತೆ. ಅದು ಸ್ವಾಪ್‌ಗೆ (ಮೆಮರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಹೋಗಲ್ಲ ಅನ್ನೋ ಒಂದು ಲಾಭ ಇತ್ತು, ಈಗ ಕರ್ನಲ್ 6.4 ರಿಂದ ಟಿಎಂಪಿಎಫ್‌ಎಸ್‌ಗೂ ನೋಸ್ವಾಪ್ ಆಪ್ಷನ್ ಬಂದಿದೆ, 6.6 ರಿಂದ ಯೂಸರ್ ಕೋಟಾ (ಒಬ್ಬೊಬ್ಬರಿಗೆ ಇಷ್ಟೇ ಜಾಗ ಅನ್ನೋ ಮಿತಿ) ಕೂಡ ಇದೆ.