ಪಹಣಿ, ಹೆಳವರ ಹೊತ್ತಿಗೆ, ಹಿರಿಯರ ನೆನಪು: ವಂಶದ ಚರಿತ್ರೆಗೆ ಯಾವುದು ಎಷ್ಟು ನೆರವಾದೀತು

ವಂಶದ ಚರಿತ್ರೆಯನ್ನು ಹುಡುಕುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ನಿವೃತ್ತರಿಗೆಂದೇ ಹೇಳಿದಂತಿರುತ್ತವೆ. ಬೆಂಗಳೂರಿನ ನೌಕರಿ, ಶಾಲೆಗೆ ಹೋಗುವ ಮಕ್ಕಳು, ವೇಳೆಗೆ ಸರಿಯಾಗಿ ಔಷಧಿ ಕೊಡಬೇಕಾದ ತಾಯಿ, ಇವೆಲ್ಲದರ ನಡುವೆ ನನ್ನ ಪಾಲಿಗೆ ಉಳಿಯುತ್ತಿದ್ದುದು ರಾತ್ರಿ ಊಟದ ನಂತರದ ಒಂದಿಷ್ಟು ಹೊತ್ತು ಮತ್ತು ಊರಿಗೆ ಹೋದಾಗ ಅಪರೂಪಕ್ಕೆ ದೊರೆಯುವ ಒಂದು ಕಚೇರಿ ದಿನ. ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಒಕ್ಕಲುತನದ ಮನೆ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ, ಜನರೆಲ್ಲ ಪುನರ್ವಸತಿ ಕೇಂದ್ರಕ್ಕೆ ಬಂದು ನೆಲೆಸಿರುವುದರಿಂದ, ಹಳೆಯ ಮನೆಯನ್ನೋ ಗುಡಿಯ ಕಲ್ಲನ್ನೋ ನೋಡಿ ಏನನ್ನಾದರೂ ತಿಳಿಯುವ ದಾರಿ ನಮಗಿಲ್ಲ. ಆದ್ದರಿಂದ ನಾಲ್ಕು ದಾರಿಗಳಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟೆ: ನನ್ನ ಮುತ್ತಜ್ಜನ ತಂದೆ ಯಾರು, ಮುತ್ತಜ್ಜನ ಹೆಂಡತಿ ಮತ್ತು ಮಕ್ಕಳು ಯಾರು ಯಾರು? ಉತ್ತರ ಎಷ್ಟು ಆಳಕ್ಕೆ ಹೋಗುತ್ತದೆ, ಅದನ್ನು ಎಷ್ಟು ನಂಬಬಹುದು, ಅದಕ್ಕೆ ನನ್ನ ಎಷ್ಟು ಸಮಯ ಬೇಕಾಗುತ್ತದೆ ಎಂಬುದೇ ಈ ಹೋಲಿಕೆಯ ಅಳತೆ.

ಮೊದಲು ನೋಡಿದ್ದು ಜಾಲತಾಣಗಳನ್ನು, ಏಕೆಂದರೆ ಅವು ನಡುರಾತ್ರಿಯಲ್ಲೂ ತೆರೆದಿರುತ್ತವೆ. ಅಮೆರಿಕದ ಒಂದು ಕ್ರೈಸ್ತ ಪಂಥ ನಡೆಸುವ ಫ್ಯಾಮಿಲಿಸರ್ಚ್ ಉಚಿತವಾದುದು; ಯಾತ್ರಿಕರ ವಂಶಾವಳಿ ಬರೆದಿಡುವ ಹರಿದ್ವಾರದ ಪುರೋಹಿತರಾದ ಪಂಡಾಗಳ ವಹಿಗಳ ಛಾಯಾಪ್ರತಿಗಳೂ ಅದರಲ್ಲಿವೆ. ಉತ್ತರ ಭಾರತದ ಕುಟುಂಬಗಳಿಗೆ ಅದು ದೊಡ್ಡ ಆಸರೆ. ಜ್ಞಾನಸ್ನಾನದ ಮತ್ತು ಮದುವೆಯ ದಾಖಲೆಗಳನ್ನು ಇಟ್ಟುಕೊಂಡು ಬಂದಿರುವ ಕರಾವಳಿಯ ಚರ್ಚುಗಳ ಕುಟುಂಬಗಳಿಗೂ ಇಂತಹ ತಾಣದ ಕ್ರಮ ಒಗ್ಗುತ್ತದೆ. ನಮ್ಮಂತಹ ಮನೆಗೆ ಅಲ್ಲಿ ಹುಡುಕುವುದಕ್ಕೆ ಏನೂ ಇರಲಿಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಮರಳಿ ಬರುತ್ತದೆ. ಅಡ್ಡಹೆಸರು ಒಂದು ಕಾಗದದಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಇದು ಯಂತ್ರದ ಹುಡುಕಾಟಕ್ಕೆ ನಿಲುಕುವ ಸಂಗತಿಯಲ್ಲ. ಬೇರೆಡೆ ಸಿಕ್ಕಿದ್ದನ್ನು ತುಂಬಿಡುವ ಕಪಾಟಾಗಿ ಮಾತ್ರ ನಾನು ಅದನ್ನು ಈಗಲೂ ಬಳಸುತ್ತಿದ್ದೇನೆ. ಡಿಎನ್‌ಎ ಪರೀಕ್ಷೆಯ ಗೊಡವೆಗೆ ಹೋಗಲಿಲ್ಲ. ನಮ್ಮ ಬಂಧುಗಳಲ್ಲಿ ಇತರರೂ ಮಾಡಿಸಿಕೊಂಡಿರದಿದ್ದರೆ ಅದರ ಫಲಿತಾಂಶವನ್ನು ಹೋಲಿಸುವುದಕ್ಕೆ ಯಾರೂ ಇರುವುದಿಲ್ಲ.

ಎರಡನೆಯ ದಾರಿ ಜಮೀನಿನ ದಾಖಲೆಗಳದ್ದು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಪಹಣಿಯನ್ನು ಸಾಲಕ್ಕೂ ಬೆಳೆವಿಮೆಗೂ ಮಾತ್ರ ಬೇಕಾದ ಕಾಗದವೆಂದು ನಾವು ತಿಳಿದಿರುತ್ತೇವೆ. ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಖಾತೆದಾರನ ಹೆಸರು ತಂದೆಯ ಹೆಸರಿನೊಡನೆ ಇರುತ್ತದೆ. ಹತ್ತನೆಯದರಲ್ಲಿ ಆ ಹಕ್ಕು ಯಾವ ಮ್ಯುಟೇಷನ್ (ಹಕ್ಕು ಬದಲಾವಣೆಯ ನೋಂದಣಿ) ಮೂಲಕ ಬಂದಿತೆಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮ್ಯುಟೇಷನ್ ತೆಗೆಸಿದರೆ, ಹಿಂದಿನ ಖಾತೆದಾರ ತೀರಿಕೊಂಡ ಸಂಗತಿಯೂ ಅವನ ವಾರಸುದಾರರ ಪಟ್ಟಿಯೂ ಸಿಗುತ್ತವೆ. ಆ ಹಿಂದಿನವನ ಹೆಸರು ಹಿಡಿದು ಅದಕ್ಕೂ ಹಿಂದಿನ ಮ್ಯುಟೇಷನ್‌ಗೆ ಹೋಗಬಹುದು. ತೀರಿಕೊಂಡವರ ಜಮೀನನ್ನು ಹೀಗೆ ವಾರಸುದಾರರ ಹೆಸರಿಗೆ ಮಾಡುವುದನ್ನು ಹಳೇ ಮೈಸೂರಿನವರು ಪೌತಿ ಖಾತೆ ಎಂದರೆ ನಮ್ಮ ಕಡೆ ವಾರ್ಸಾ ಎನ್ನುತ್ತೇವೆ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಭಾಗದಲ್ಲಿ ಹಕ್ಕುದಾಖಲೆಯ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಜಾರಿಗೆ ಬಂದಿತ್ತಾದ್ದರಿಂದ, ಕಾಗದ ಉಳಿದಿದ್ದರೆ ಈ ಸರಪಳಿ ಮುತ್ತಜ್ಜನ ಕಾಲದವರೆಗೂ ಹೋಗಬಲ್ಲದು.

ಸರಕಾರದ ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿ ಸಿಗುವುದು ಸರಿಸುಮಾರು 2000ದಿಂದ ಈಚಿನ ಪಹಣಿಗಳು. ಅಷ್ಟನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಅದಕ್ಕಿಂತ ಹಿಂದಿನ ಕೈಬರಹದ ಪಹಣಿಗೂ ಮ್ಯುಟೇಷನ್ ವಹಿಗೂ ತಹಶೀಲ್ದಾರ್ ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಡಬೇಕು, ಅದೂ ಕೆಲಸದ ದಿನವೇ. ರಜೆ ಹಾಕಿ ಊರಿಗೆ ಹೋಗುವವರು ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಒಳಭಾಗ), ಮ್ಯುಟೇಷನ್ ಸಂಖ್ಯೆಗಳನ್ನು ಮೊದಲೇ ಬರೆದುಕೊಂಡು ಹೋಗದಿದ್ದರೆ ಆ ದಿನ ಹೋದಂತೆಯೇ ಸರಿ. ಭೂ ಸುರಕ್ಷಾ ಯೋಜನೆಯಡಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದಲ್ಲಿ ನಡೆದಿದೆ. ಅದು ಮುಗಿದ ತಾಲ್ಲೂಕುಗಳವರಿಗೆ ಈ ಓಡಾಟ ಬಹುಮಟ್ಟಿಗೆ ತಪ್ಪೀತು. ಮುಳುಗಡೆಯವರಿಗೆ ಇನ್ನೊಂದು ಕಾಗದವೂ ಇದೆ. ಭೂಸ್ವಾಧೀನದ ಐತೀರ್ಪಿನಲ್ಲಿ, ಅಂದರೆ ಪರಿಹಾರದ ಆದೇಶದಲ್ಲಿ, ಪರಿಹಾರ ಹಂಚುವ ಸಲುವಾಗಿ ಪಾಲುದಾರರ ಹೆಸರುಗಳನ್ನು ಬರೆದಿರುತ್ತಾರೆ. ನಮ್ಮ ಮನೆಯ ಟ್ರಂಕಿನಲ್ಲಿದ್ದ ಅದರ ಪ್ರತಿಯೊಂದು, ದೂರವಾಗಿದ್ದ ಒಂದು ಕವಲಿನ ಹೆಸರುಗಳನ್ನೆಲ್ಲ ಒಂದೇ ಪುಟದಲ್ಲಿ ಒದಗಿಸಿತು.

ಈ ದಾರಿಯಲ್ಲಿ ಸಿಕ್ಕ ಮುಖ್ಯ ಕಾಗದವೆಂದರೆ ಮುತ್ತಜ್ಜ ತೀರಿಕೊಂಡ ಮೇಲಿನ ವಾರ್ಸಾ ನೋಂದಣಿ. ಮಾಸಿದ ಶಾಯಿಯ ಕನ್ನಡದಲ್ಲಿ ಮುತ್ತಜ್ಜನ ಹೆಸರಿನ ಮುಂದೆ ‘ಮಯತ’ (ತೀರಿಕೊಂಡವರು) ಎಂದು ಬರೆದು, ಕೆಳಗೆ ಮೂವರು ಗಂಡುಮಕ್ಕಳ ಹೆಸರು ಕೊಟ್ಟಿದ್ದರು. ಕಿರಿಯವನು ಅಪ್ರಾಪ್ತನಾಗಿದ್ದರಿಂದ ಪಾಲಕಳಾಗಿ ಅವನ ತಾಯಿಯ ಹೆಸರಿತ್ತು. ಮುತ್ತಜ್ಜಿಯ ಹೆಸರು ನನಗೆ ಸಿಕ್ಕ ಸರಕಾರಿ ಕಾಗದಗಳಲ್ಲೆಲ್ಲ ಇರುವುದು ಈ ಒಂದೇ ಕಡೆ, ಅದೂ ಮಗ ಸಣ್ಣವನಿದ್ದನೆಂಬ ಕಾರಣಕ್ಕೆ. ಪಹಣಿ ಆಸ್ತಿಯ ಲೆಕ್ಕವೇ ಹೊರತು ಮನೆಯ ಲೆಕ್ಕವಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದಿದ್ದು 1994ರಲ್ಲಿ, ದೇಶಕ್ಕೆಲ್ಲ ಅನ್ವಯಿಸಿದ್ದು 2005ರಲ್ಲಿ. ಅದಕ್ಕೂ ಹಿಂದಿನ ವಾರ್ಸಾಗಳಲ್ಲಿ ಸೋದರತ್ತೆಯರನ್ನು ಹುಡುಕಿ ಫಲವಿಲ್ಲ. ಹಿರಿಯಣ್ಣನ ಹೆಸರನ್ನು ಏಕತ್ರ ಕುಟುಂಬದ ಮ್ಯಾನೇಜರನೆಂದು ದಾಖಲಿಸಿದ್ದರೆ ತಮ್ಮಂದಿರೂ ಕಾಣುವುದಿಲ್ಲ. ಸ್ವಂತ ಜಮೀನಿಲ್ಲದೆ ಗೇಣಿಗೆ ಉಳುತ್ತಿದ್ದ ಮನೆತನದವರು ಒಂಬತ್ತನೆಯ ಕಾಲಂ ಬಿಟ್ಟು ಹನ್ನೆರಡನೆಯದರಲ್ಲಿರುವ ಸಾಗುವಳಿದಾರರ ಹೆಸರನ್ನೂ, 1974ರ ಭೂಸುಧಾರಣೆಯ ನಂತರ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿಗಳನ್ನೂ ನೋಡುವುದು ಮೇಲು.

ಮೂರನೆಯದು ಹೆಳವರದ್ದು. ಅಲಂಕರಿಸಿದ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಒಕ್ಕಲು ಮನೆಗಳ ಮುಂದೆ ಬಂದು ವಂಶಾವಳಿ ಹೇಳುವ ಈ ಸಮುದಾಯದವರು ಉತ್ತರ ಕರ್ನಾಟಕದವರಿಗೆ ಅಪರಿಚಿತರಲ್ಲ. ಯಾವ ಊರಿನ ಯಾವ ಮನೆಗಳು ಯಾವ ಹೆಳವರಿಗೆ ಸೇರಿದವು ಎಂಬ ಹಕ್ಕು ಅವರಲ್ಲಿ ತಂದೆಯಿಂದ ಮಗನಿಗೆ ಬರುತ್ತದೆ. ಕೆಲವು ವರ್ಷಗಳಿಗೊಮ್ಮೆ, ಹೆಚ್ಚಾಗಿ ಸುಗ್ಗಿಯ ನಂತರ, ಬಂದು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು, ಕಾಳು, ಬಟ್ಟೆ, ಹಣದ ಕಾಣಿಕೆ ಪಡೆದು ಹೋಗುತ್ತಾರೆ. ನಮ್ಮ ಹೆಳವರು ಈಗ ಬರುವುದು ಮೋಟಾರ್ ಸೈಕಲ್ಲಿನಲ್ಲಿ. ಅವರು ಬಂದ ದಿನ ಊರಿನಿಂದ ಕಾಕಾ ಫೋನು ಮಾಡಿದರು; ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಪೂರ್ತಿಯಾಗಿ ಕೇಳಿದೆ, ಕಾಕಾನ ಮಗ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡ.

ಆಳದ ಮಾತಿಗೆ ಬಂದರೆ ಇದಕ್ಕೆ ಸಾಟಿಯಾದ ದಾರಿ ಇನ್ನೊಂದಿಲ್ಲ. ಮುತ್ತಜ್ಜನ ತಂದೆಯಷ್ಟೇ ಅಲ್ಲ, ಅವರಿಂದ ಹಿಂದಕ್ಕೆ ಇನ್ನೂ ಹಲವು ತಲೆಮಾರು, ನಮ್ಮ ಬೆಡಗು (ಒಂದೇ ಮೂಲದ ಮನೆಗಳ ಕುಲ), ಮನೆತನ ಮೊದಲು ಇದ್ದ ಊರು, ಅಲ್ಲಿಂದ ಕೃಷ್ಣೆಯ ದಡಕ್ಕೆ ಬಂದ ಕಾರಣ, ಎಲ್ಲವೂ ಒಂದು ಬಗೆಯ ರಾಗದಲ್ಲಿ, ತಡೆದು ಪ್ರಶ್ನೆ ಕೇಳಲಾಗದಷ್ಟು ವೇಗದಲ್ಲಿ ಬಂದವು. ಆದರೆ ಹಳೆಯ ತಲೆಮಾರುಗಳ ಹೆಸರುಗಳನ್ನು ಬೇರೆ ಯಾವುದರೊಡನೆಯೂ ತಾಳೆ ನೋಡಲಾಗುವುದಿಲ್ಲ, ಇಸವಿಗಳೂ ಇರುವುದಿಲ್ಲ. ನಮ್ಮ ಮನೆಯ ಪುಟದಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲಿಲ್ಲ. ನನ್ನ ಮಗಳ ಹೆಸರನ್ನು ಬರೆದುಕೊಳ್ಳಿರೆಂದು ಕಾಕಾ ಕೇಳಿದಾಗ ಹೆಳವರು ಯಾವ ತಕರಾರೂ ಇಲ್ಲದೆ ಬರೆದುಕೊಂಡರು ಎಂಬುದನ್ನೂ ಇಲ್ಲಿ ಹೇಳಬೇಕು. ಈ ದಾರಿಯ ನಿಜವಾದ ಅಡಚಣೆಯೆಂದರೆ ನಮ್ಮ ಬಿಡುವಿಗೆ ತಕ್ಕಂತೆ ಅವರು ಬರುವುದಿಲ್ಲ, ಅವರು ಬಂದಾಗ ನಾವು ಬಿಡುವು ಮಾಡಿಕೊಳ್ಳಬೇಕು.

ಒಂದು ಕಡೆ ಮಾತ್ರ ಎರಡು ದಾರಿಗಳ ಉತ್ತರ ಹೊಂದಲಿಲ್ಲ. ಹೆಳವರ ಪ್ರಕಾರ ಮುತ್ತಜ್ಜನಿಗೆ ನಾಲ್ವರು ಗಂಡುಮಕ್ಕಳು, ವಾರ್ಸಾದಲ್ಲಿರುವುದು ಮೂವರೇ. ಇದನ್ನು ಬಿಡಿಸಿದ್ದು ನಾಲ್ಕನೆಯ ದಾರಿ, ಅಂದರೆ ಹಿರಿಯರಲ್ಲಿ ಕೇಳುವುದು. ಎಂಬತ್ತು ದಾಟಿದ ನನ್ನ ಸೋದರತ್ತೆಗೆ ರಾತ್ರಿ ಫೋನು ಮಾಡಿ ಕೇಳಿದಾಗ ಅವರು ಹೇಳಿದ್ದು ಹೀಗೆ: “ಮೂರನೇದಾವನ್ನ ಮುಧೋಳ ಕಡೆ ದತ್ತಕ ಕೊಟ್ಟಿದ್ರಪಾ. ಆ ಮನಿಯವರು ಈಗೂ ನಮ್ಮ ಮದವಿಗೆ ಬರತಾರ, ನೀ ನೋಡೀಯಲ್ಲ. ಮತ್ತ ನಿಮ್ಮ ಮುತ್ಯಾಗ ಮೊದಲನೇ ಹೆಂಡತಿ ಬಾಣಂತನದಾಗ ತೀರಿಕೊಂಡ್ಲು, ಆಮ್ಯಾಲ ಆಕಿ ತಂಗೀನ್ನs ಮಾಡಿಕೊಂಡ.” ದತ್ತಕ ಹೋದವನಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಪಾಲಿಲ್ಲವಾದ್ದರಿಂದ ವಾರ್ಸಾದಲ್ಲಿ ಹೆಸರಿಲ್ಲ, ಹೆಳವರು ಹುಟ್ಟನ್ನು ಲೆಕ್ಕ ಹಿಡಿಯುವುದರಿಂದ ಅವರಲ್ಲಿ ಇದೆ. ಬಾಣಂತನದಲ್ಲಿ ತೀರಿಕೊಂಡ ಆ ಮೊದಲ ಹೆಂಡತಿಯಾದರೋ ಎರಡರಲ್ಲಿಯೂ ಇಲ್ಲ.

ಹಿರಿಯರ ನೆನಪು ಮೂರು ತಲೆಮಾರಿನಿಂದ ಹಿಂದಕ್ಕೆ ಹೋಗುವುದು ಕಡಿಮೆ, ಇಸವಿಗಳಂತೂ ನಂಬುವಂತಿರುವುದಿಲ್ಲ. ‘ಯಾವ ವರ್ಷ’ ಎಂದು ಕೇಳುವ ಬದಲು ಪ್ಲೇಗಿಗೆ ಮೊದಲೋ ನಂತರವೋ, 1948ರ ರಜಾಕಾರರ ಗಲಾಟೆಯಲ್ಲಿ ಅವರಿದ್ದರೋ, ಮುಳುಗಡೆಯ ನೋಟಿಸು ಬಂದಾಗ ಯಾರ ಮದುವೆಯಾಗಿತ್ತು ಎಂದು ಕೇಳಿದರೆ ಕಾಲ ತಾನಾಗಿ ಸಿಗುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಕೇಳುವುದು ಸಲ್ಲ. ಸಲಕ್ಕೆ ಒಬ್ಬ ವ್ಯಕ್ತಿಯ ಬಗ್ಗೆ ಮಾತ್ರ ಕೇಳಿ, ಅನುಮತಿ ಪಡೆದು ಧ್ವನಿಮುದ್ರಿಸಿಕೊಂಡರೆ ಅವರಿಗೂ ದಣಿವಾಗದು, ನಮಗೂ ಅಡುಗೆಯ ನಡುವೆಯೇ ಆಗುವ ಕೆಲಸ.

ಸಮಯದ ಅಳತೆಯಲ್ಲಿ ನನ್ನ ಮೊದಲ ಆಯ್ಕೆ ಹಿರಿಯರೇ, ಎರಡನೆಯದು ಪಹಣಿಯ ಸರಪಳಿ. ಆಳ ಬೇಕೆನ್ನುವವರು ಇಂದೇ ಊರಿನ ಹಿರಿಯರಿಂದ ತಮ್ಮ ಹೆಳವರ ಫೋನ್ ನಂಬರು ಪಡೆದಿಟ್ಟುಕೊಳ್ಳಬೇಕು. ಕೊಡಗಿನ ಒಕ್ಕಗಳಿಗೆ (ಮನೆತನಗಳಿಗೆ) ಹಿರಿಯರ ಮೂಲಮನೆಯಾದ ಐನ್‌ಮನೆಯಿದೆ, ಅಳಿಯಸಂತಾನದ ತುಳುನಾಡಿನ ಮನೆಗಳಲ್ಲಿ ತಾಯಿಯ ಕಡೆಯಿಂದಲೇ ವಂಶ ಹರಿಯುತ್ತದೆ. ಅವರು ಈ ಅನುಕ್ರಮವನ್ನು ಬದಲಿಸಿಕೊಳ್ಳಬೇಕಾದೀತು. ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರ ಪಡೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ತೀರಿಕೊಂಡವರ ವಾರಸುದಾರರನ್ನು ತೋರಿಸಲು ಅರ್ಜಿದಾರರೇ ಕೊಟ್ಟ ಮಾಹಿತಿಯ ಮೇಲೆ ನಿಂತ ಕಾಗದ. ನಮಗೆ ಗೊತ್ತಿರುವುದನ್ನೇ ಮೊಹರಿನೊಡನೆ ನಮಗೆ ಹಿಂದಿರುಗಿಸುತ್ತದೆ.