ಹುಬ್ಬುಗಂಟು ಹೋಯಿತು, ಬಂಗು ಉಳಿಯಿತು: ಬೊಟಾಕ್ಸ್ ಬಳಸಿದವಳ ಅನುಭವ

ಹುಬ್ಬುಗಳ ನಡುವಿನ ಗೆರೆಗಳಿಗೆ ಎರಡು ವರ್ಷಗಳಿಂದ ಬೊಟಾಕ್ಸ್ ಚುಚ್ಚಿಸಿಕೊಳ್ಳುತ್ತಿದ್ದೇನೆ. ಆ ಗೆರೆಗಳ ಮಟ್ಟಿಗೆ ನನ್ನ ದೂರೇನೂ ಇಲ್ಲ. ಸುಮ್ಮನೆ ಉತ್ತರಪತ್ರಿಕೆ ತಿದ್ದುತ್ತಿದ್ದರೂ ‘ಯಾಕೆ ಮೇಡಂ, ಸಿಟ್ಟಾಗಿದ್ದೀರಾ?’ ಎಂದು ಕೇಳುತ್ತಿದ್ದ ಸಹೋದ್ಯೋಗಿಗಳು ಈಗ ಕೇಳುವುದಿಲ್ಲ. ಚುಚ್ಚಿದ ಕೆಲವು ದಿನಗಳಲ್ಲಿ ಸ್ನಾಯು ಸಡಿಲವಾಗತೊಡಗಿ, ಎರಡು ವಾರದ ಹೊತ್ತಿಗೆ ಹಣೆ ನುಣುಪಾಗುತ್ತದೆ. ಮೂರು ನಾಲ್ಕು ತಿಂಗಳಿಗೆ ಗೆರೆಗಳು ಮರಳುತ್ತವೆ, ಖರ್ಚೂ ಮರಳುತ್ತದೆ.

ಬೇಸರವಾದದ್ದು ಬಂಗಿನ ವಿಷಯದಲ್ಲಿ. ಎರಡನೆಯ ಹೆರಿಗೆಯಿಂದ ನನ್ನ ಕೆನ್ನೆಗಳ ಮೇಲೆ ಕಂದು ಕಲೆಗಳಿವೆ. ಗೆರೆ, ಕಲೆ ಎರಡೂ ಒಟ್ಟಿಗೆ ಹೋಗುತ್ತವೆಂದು ಕ್ಲಿನಿಕ್ಕಿನವರು ಪ್ಯಾಕೇಜ್ ಮಾರಿದರು. ಬೊಟಾಕ್ಸ್ ಮಾಡುವುದು ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುವ ಕೆಲಸ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯಕ್ಕಾಗಿ ಅದನ್ನು ಒಪ್ಪಿದ್ದೂ ಹುಬ್ಬುಗಳ ನಡುವಿನ ಗೆರೆಗಳಿಗೇ ಹೊರತು ಚರ್ಮದ ಬಣ್ಣಕ್ಕಲ್ಲ. ಕಲೆಗೆಂದು ಪ್ಯಾಕೇಜಿನಲ್ಲಿ ಸೇರಿಸಿದ್ದ, ರಾಸಾಯನಿಕ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವ ಕೆಮಿಕಲ್ ಪೀಲ್‌ನಿಂದ ಕೆನ್ನೆ ಉರಿದು, ಕೆಂಪಾಗಿ, ಕೊನೆಗೆ ಬಂಗು ಮೊದಲಿಗಿಂತ ಕಪ್ಪಾಯಿತು. ನಮ್ಮಂಥ ಕಂದು ಚರ್ಮ ಉರಿದರೆ ಕಲೆ ಬಿಡುತ್ತದೆಂಬುದು ಚರ್ಮದ ಕೆಲಸ ಮಾಡುವವರಿಗೆ ತಿಳಿಯದ ಸಂಗತಿಯಲ್ಲ. ನುಣುಪಾದ ಹಣೆಯ ಕೆಳಗೆ ಆ ಕಲೆಗಳು ಇನ್ನಷ್ಟು ಎದ್ದು ಕಾಣುತ್ತಿದ್ದವು.

ಆಮೇಲೆ ಕಂಡ ಚರ್ಮವೈದ್ಯೆ ಪೀಲ್ ನಿಲ್ಲಿಸಿ, ಮಿತವಾದ ಅವಧಿಗೆ ರಾತ್ರಿ ಹಚ್ಚುವ ಮುಲಾಮು ಬರೆದುಕೊಟ್ಟು, ಬಣ್ಣವಿರುವ ಸನ್‌ಸ್ಕ್ರೀನ್ ಬಳಸಲು ಹೇಳಿದರು. ಬಂಗನ್ನು ಕೆರಳಿಸುವುದು ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದನ್ನು ತಡೆಯುವುದು ಈ ಸನ್‌ಸ್ಕ್ರೀನ್‌ಗೆ ಬಣ್ಣ ಕೊಡುವ ಐರನ್ ಆಕ್ಸೈಡ್.

ಈಗ ನನ್ನ ಬೆಳಗು ಆರಂಭವಾಗುವುದೇ ಅದರಿಂದ. ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮುಖ ತೊಳೆದು, ಎರಡು ಬೆರಳುಗಳ ಉದ್ದಕ್ಕೆ ಕ್ರೀಮ್ ಹಿಂಡಿ, ಮೊದಲು ಕೆನ್ನೆಗೆ, ನಂತರ ಮೇಲ್ತುಟಿಗೆ, ಕೊನೆಯಲ್ಲಿ ಕಿವಿಯಂಚಿನವರೆಗೆ ನಿಧಾನವಾಗಿ ಹರಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ. ಕಲೆ ಆ ಕ್ಷಣಕ್ಕೇ ಮರೆಯಾಗುವುದರಿಂದ ಪೌಡರ್ ಬಿಟ್ಟಿದ್ದೇನೆ. ತಿಂಗಳುಗಳು ಕಳೆದಂತೆ ಬಂಗು ನಿಜವಾಗಿಯೂ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಬೇಸಿಗೆಯಲ್ಲಿ ಮತ್ತೆ ಗಾಢವಾಗುತ್ತದೆ.

ಉಪನ್ಯಾಸಕಿಯ ಸಂಬಳದಲ್ಲಿ ಎರಡನ್ನೂ ಸರಿತೂಗಿಸಬೇಕಾದ್ದರಿಂದ ಬೊಟಾಕ್ಸನ್ನು ಇನ್ನು ವರ್ಷಕ್ಕೊಮ್ಮೆ ಮಾತ್ರ ಮಾಡಿಸಿಕೊಳ್ಳುತ್ತೇನೆ, ಸನ್‌ಸ್ಕ್ರೀನ್ ಟ್ಯೂಬನ್ನು ಮಾತ್ರ ಬಿಡುವುದಿಲ್ಲ. ಅದರ ಮೇಲೂ ಒಂದು ತಕರಾರಿದೆ: ನನ್ನ ಮೈಬಣ್ಣಕ್ಕೆ ಹೊಂದುವ ಛಾಯೆ ಇನ್ನೂ ಸಿಕ್ಕಿಲ್ಲ, ತಿಳಿ ಮತ್ತು ಗಾಢ ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಿದ್ದೇನೆ.